ರಟ್ಟಿನ ಹಿಂದೆ ಉರುಳಿದ ದಾಳ

ಎರಡು ಪುಸ್ತಕ ಓದಬೇಕು, ಎರಡು ಆಟ ಆಡಿಸಬೇಕು, ಯಾವುದು ನಮ್ಮ ಜನಕ್ಕೆ ಹೊಂದುತ್ತದೆ ಎಂದು ಬರೆದುಕೊಡಬೇಕು. ಕೆಲಸ ಇಷ್ಟೇ ಎಂದರು ಮೇಡಂ. ನಾನು "ಅಷ್ಟೇನಾ?" ಎಂದೆ. ಆಗ ನನ್ನ ಮುಖದಲ್ಲಿದ್ದ ನಗುವನ್ನು ನೆನೆಸಿಕೊಂಡರೆ ನನಗೇ ಎರಡು ಬಾರಿಸಬೇಕು ಅನಿಸುತ್ತದೆ.

ಈ ಮೇಡಂ ಕಾಡಿನ ಬೆಂಕಿ ತಡೆಯುವುದನ್ನು ಕಲಿಸುವ ಒಂದು ಸಂಸ್ಥೆಯವರು. ಬೇಸಿಗೆ ಬಂತೆಂದರೆ ಬಂಡೀಪುರದ ಅಂಚಿನ ಊರುಗಳಿಂದ ಬೆಂಕಿ ಕಾವಲಿಗೆ ಜನ ಸೇರುತ್ತಾರೆ. ನಮ್ಮ ಕಡೆ ಅವರನ್ನು ವಾಚರ್ ಅನ್ನುತ್ತಾರೆ. ಅವರಿಗೆ ಪಾಠ ಮಾಡಿದರೆ ನಿದ್ದೆ ಮಾಡುತ್ತಾರೆ, ಆಟ ಆಡಿಸಿದರೆ ಕಲಿಯುತ್ತಾರೆ ಎನ್ನುವುದು ಮೇಡಂ ನಂಬಿಕೆ. ಅವರು ಹೊರದೇಶದಲ್ಲಿ ಓದುವಾಗ ಮೇಜಿನ ಸುತ್ತ ಕೂತು ಆಡುವ ಪಾತ್ರದಾಟ ಕಲಿತಿದ್ದರಂತೆ. ಒಬ್ಬ ಆಟ ನಡೆಸುತ್ತಾನೆ, ಉಳಿದವರಿಗೆ ಒಂದೊಂದು ಪಾತ್ರ. ನಡೆಸುವವನು "ಎದುರಿಗೆ ಹೊಳೆ ಬಂತು, ಏನು ಮಾಡ್ತೀಯ?" ಎಂದು ಕೇಳುತ್ತಾನೆ. ಆಟಗಾರ "ಹಾರ್ತೀನಿ" ಅನ್ನುತ್ತಾನೆ. ಹಾರಿದನೋ ಮುಳುಗಿದನೋ ಎಂದು ದಾಳ ಹೇಳುತ್ತದೆ.

ಊಟಿ ರಸ್ತೆಯಲ್ಲಿ, ಗುಂಡ್ಲುಪೇಟೆ ಬಸ್ ಸ್ಟ್ಯಾಂಡ್ ದಾಟಿದ ಮೇಲೆ, ನಮ್ಮಪ್ಪನ ಹೋಟೆಲು. ಮೇಡಂ ಅಲ್ಲಿ ಕಾಫಿ ಕುಡಿಯುತ್ತಾ, ಇಂಗ್ಲಿಷ್ ಓದಬಲ್ಲ, ಹದಿನೈದು ದಿನ ಬಿಡುವಿರುವ ಹುಡುಗ ಸಿಗುತ್ತಾನಾ ಎಂದು ವಿಚಾರಿಸಿದರು.

"ಇಂಗ್ಲೀಸು ಬರೋನು, ಕ್ಯಾಮೆ ಇಲ್ದೋನು ಬೇಕಾ ಮೇಡಮ್ಮೋರೆ? ಎಲ್ಡೂ ಒಂದ್ರಲ್ಲೇ ಅದೆ, ತಕಂಡೋಗಿ" ಎಂದು ಅಪ್ಪ ನನ್ನ ಕಡೆ ಬೆರಳು ತೋರಿಸಿದರು. ಪಿಯುಸಿಯಲ್ಲಿ ಕೆಮಿಸ್ಟ್ರಿ ನನ್ನನ್ನು ಕೈಬಿಟ್ಟು ಏಳು ತಿಂಗಳಾಗಿತ್ತು.

"ಈ ತರದ ಆಟ ಗೊತ್ತಾ?" ಎಂದರು ಮೇಡಂ.

"ಕಾಲೇಜಲ್ಲಿ ಆಡ್ತಿದ್ವಿ ಮೇಡಂ. ನಾನೇ ಚಾಂಪಿಯನ್."

ಅಂಥದೊಂದು ಆಟವಿದೆ ಎಂದು ನನಗೆ ಗೊತ್ತಾದದ್ದು ಆ ಕ್ಷಣದಲ್ಲಿ. ಅದರಲ್ಲಿ ಚಾಂಪಿಯನ್ ಅನ್ನುವುದೇ ಇರುವುದಿಲ್ಲ ಎಂದು ಗೊತ್ತಾದದ್ದು ಆಮೇಲೆ.

ಒಂದು ಕೆಂಪು ಪುಸ್ತಕ, ಒಂದು ನೀಲಿ ಪುಸ್ತಕ. ಎರಡನ್ನೂ ಮೂರು ದಿನ ಓದಿದೆ. ಕೆಂಪು ಪುಸ್ತಕದ ತುಂಬ ಕತ್ತಿ, ಗುರಾಣಿ, ರಾಕ್ಷಸರು. ಅದರ ಜೊತೆಗೆ ಇಪ್ಪತ್ತು ಮುಖದ ಒಂದು ದಾಳವಿತ್ತು, ನೆಲ್ಲಿಕಾಯಿ ಗಾತ್ರದ್ದು. ನಿಯಮ ಸುಲಭ. ದಾಳ ಉರುಳಿಸು, ಬಂದ ಸಂಖ್ಯೆಗೆ ನಿನ್ನ ಅನುಭವದ ಅಂಕ ಕೂಡಿಸು, ಹನ್ನೆರಡು ಮುಟ್ಟಿದರೆ ಗೆದ್ದೆ. ಹಳೇ ವಾಚರಿಗೆ ನಾಲ್ಕು ಅಂಕ, ಹೊಸಬನಿಗೆ ಒಂದು ಎಂದು ಇಟ್ಟೆ. ರಾಕ್ಷಸನನ್ನು ತೆಗೆದು ಬೆಂಕಿಯನ್ನು ಹಾಕಿದೆ. ರಾಕ್ಷಸನಿಗೆ, ಪೆಟ್ಟು ಬಿದ್ದಂತೆಲ್ಲ ಇಳಿಯುವ ಜೀವದ ಅಂಕ ನಲವತ್ತಿತ್ತು, ಬೆಂಕಿಗೂ ಅಷ್ಟೇ ಕೊಟ್ಟೆ. ಜೀವದ ಅಂಕ ಎಂದರೆ ಏನೆಂದು ವಾಚರುಗಳಿಗೆ ವಿವರಿಸುವಾಗ ಒಬ್ಬ "ಓ, ದಮ್ಮು!" ಎಂದ. ಆಮೇಲೆ ಎಲ್ಲರೂ ಅದನ್ನು ದಮ್ಮು ಎಂದೇ ಕರೆದರು.

ನೀಲಿ ಪುಸ್ತಕದ ದಾರಿ ಬೇರೆ. ಅಲ್ಲಿ ಅನುಭವ ಹೆಚ್ಚಾದಂತೆ ಕೈಗೆ ಸಿಗುವ ದಾಳಗಳೇ ಹೆಚ್ಚಾಗುತ್ತವೆ. ಅಷ್ಟು ದಾಳ ಎಲ್ಲಿಂದ ತರಲಿ? ಹುಣಸೆ ಬೀಜ ತಂದೆ. ಚೌಕಾಬಾರಕ್ಕೆ ಮಾಡುವ ಹಾಗೆ ಒಂದೊಂದನ್ನೂ ಕಲ್ಲಿಗೆ ಉಜ್ಜಿ, ಒಂದು ಮಗ್ಗುಲು ಬೆಳ್ಳಗೆ, ಒಂದು ಮಗ್ಗುಲು ಕಂದಾಗಿ ಮಾಡಿದೆ. ಬೆರಳಿಗೆ ಬೊಬ್ಬೆ ಬಂತು, ಅದನ್ನು ಬೀದಿಯಲ್ಲಿ ಎಲ್ಲರಿಗೂ ತೋರಿಸಿಕೊಂಡು ಬಂದೆ. ಒಂದೊಂದು ಬೀಜವನ್ನೂ ನೂರು ಸಲ ಎಸೆದು ನೋಡಿ, ಬಿಳಿ ಕಂದು ಹೆಚ್ಚು ಕಡಿಮೆ ಸಮ ಬೀಳುವವನ್ನು ಮಾತ್ರ ಇಟ್ಟುಕೊಂಡೆ. ಹಳೇ ವಾಚರಿಗೆ ಆರು ಬೀಜ, ಹೊಸಬನಿಗೆ ಎರಡು. ಎರಡು ಬಿಳಿ ಬಿದ್ದರೆ ಕೆಲಸ ಪೂರ್ತಿ ಆಯಿತು. ಒಂದೇ ಬಿದ್ದರೆ ಆಯಿತು, ಆದರೆ ಏನೋ ಒಂದು ತೊಂದರೆ. ಒಂದೂ ಬೀಳದಿದ್ದರೆ ಕೆಟ್ಟಿತು.

ಲೆಕ್ಕ ಹಾಕಿದಾಗ ವ್ಯತ್ಯಾಸ ಕಾಣಿಸಿತು. ಕೆಂಪು ಪುಸ್ತಕದಲ್ಲಿ ಹಳಬ ಇಪ್ಪತ್ತರಲ್ಲಿ ಹದಿಮೂರು ಸಲ ಗೆಲ್ಲುತ್ತಾನೆ, ಹೊಸಬ ಹತ್ತು ಸಲ. ಅಂದರೆ ಹದಿನಾರು ಬೇಸಿಗೆ ಕಾಡಲ್ಲಿ ಬೆಂದವನ ಅನುಭವಕ್ಕೆ ದಾಳದಲ್ಲಿ ಬರೀ ಮೂರು ಮುಖದ ಬೆಲೆ. ನೀಲಿಯಲ್ಲಿ ಹಳಬ ಹತ್ತರಲ್ಲಿ ಒಂಬತ್ತು ಸಲದ ಹತ್ತಿರ ಪೂರ್ತಿ ಗೆಲ್ಲುತ್ತಾನೆ, ಹೊಸಬ ನಾಲ್ಕರಲ್ಲಿ ಒಂದು ಸಲ. ಯಾವುದು ಕಾಡಿಗೆ ಹತ್ತಿರ ಎಂದು ಕೆಮಿಸ್ಟ್ರಿ ಫೇಲಾದವನಿಗೂ ತಿಳಿಯುತ್ತದೆ. ನನಗೂ ತಿಳಿದಿತ್ತು. ಅದನ್ನು ಇಲ್ಲಿ ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ಕಾಡಂಚಿನ ಹಂಗಳ ಊರಿನ ಒಂದು ಜಗಲಿಯಲ್ಲಿ ಆಟ ಶುರುವಾಯಿತು. ಎಂಟು ಜನ ವಾಚರು. ಅವರಲ್ಲಿ ದೊಡ್ಡವರು ಐವತ್ತು ದಾಟಿದವರು, ಹದಿನಾರು ಬೇಸಿಗೆ ಕಾವಲು ಕಾದವರು. ಊರೆಲ್ಲ ಅವರನ್ನು ದೊಡ್ಡಯ್ಯ ಅನ್ನುತ್ತಿತ್ತು, ನಾನೂ ಹಾಗೇ ಕರೆದೆ. ಹೊಸಬರಲ್ಲಿ ಚುರುಕಿನವನು ಬೈಕ್ ಇದ್ದ ಒಬ್ಬ ಯುವಕ.

ಎಲ್ಲರ ಕಣ್ಣಿದ್ದದ್ದು ವೈರ್‌ಲೆಸ್ ಮೇಲೆ. ಆ ಬೇಸಿಗೆಗೆ ಹಂಗಳದ ತಂಡಕ್ಕೆ ಒಂದೇ ಒಂದು ಕೈ ಸೆಟ್ಟು ಬರಲಿತ್ತು. ಅದನ್ನು ಹಿಡಿದವನೇ ತಂಡದ ಮೇಸ್ತ್ರಿ. ಆಟದಲ್ಲಿ ಯಾರು ಸರಿಯಾದ ತೀರ್ಮಾನ ತೆಗೆದುಕೊಳ್ಳುತ್ತಾರೆ ಎಂದು ನೋಡಿ ಮೇಡಂ ಹೆಸರು ಕಳಿಸುವವರಿದ್ದರು. ಅದಕ್ಕೇ ಪ್ರತಿ ದಾಳವನ್ನೂ ಒಂದು ನೋಟ್ ಪುಸ್ತಕದಲ್ಲಿ ಬರೆದಿಡು ಎಂದು ನನಗೆ ಹೇಳಿದ್ದರು.

"ಓದ್ ಬ್ಯಾಸ್ಗೇಲಿ ಬೆಂಕಿ ಕಂಡು ನಾಕ್ ಮೈಲಿ ಓಡ್ಬುಟ್ಟೆ ಕಣ್ ಮೊಗ, ಸುದ್ದಿ ಯೋಳಕ್ಕೆ" ಎಂದರು ದೊಡ್ಡಯ್ಯ. "ನಾ ಓಡಿದ್ಕಿಂತ ಜೋರಾಗಿ ಅದು ಓಡ್ತು. ಆ ಪೆಟ್ಗೆ ಒಂದು ಕೈಲಿದ್ದಿದ್ರೆ ಅರ್ಧ ಗುಡ್ಡ ಉಳಿಯದು."

ಕೆಂಪು ಪುಸ್ತಕದಲ್ಲಿ ಒಂದು ಸಾಲಿತ್ತು. ಆಟ ನಡೆಸುವವನು ಮರೆಯಲ್ಲಿ ದಾಳ ಉರುಳಿಸಬಹುದು, ಕಥೆ ಚೆನ್ನಾಗಿರಲೆಂದು ಬಂದ ಸಂಖ್ಯೆಯನ್ನು ಬದಲಿಸಲೂಬಹುದು. ಇಡೀ ಪುಸ್ತಕದಲ್ಲಿ ನನಗೆ ಬಾಯಿಪಾಠವಾದದ್ದು ಅದೊಂದೇ. ಹಳೇ ಕ್ಯಾಲೆಂಡರಿನ ರಟ್ಟು ಮಡಿಸಿ ನನ್ನ ಮುಂದೆ ನಿಲ್ಲಿಸಿಕೊಂಡೆ. ಎಲ್ಲರ ದಾಳವನ್ನೂ ಅದರ ಹಿಂದೆ ನಾನೇ ಉರುಳಿಸುವುದು, ನಾನೇ ಕೂಗುವುದು.

ಮೊದಲ ದಿನ ದೊಡ್ಡಯ್ಯನಿಗೆ ಬಿದ್ದದ್ದು ನಿಜವಾಗಿಯೂ ಒಂದು. ಅದಕ್ಕಿಂತ ಕಡಿಮೆ ದಾಳದಲ್ಲೇ ಇಲ್ಲ. ನಾನು ಸುಮ್ಮನಿರುವವನೇ? ದೊಡ್ಡಯ್ಯ ಬೆಂಕಿ ಕಡೆ ಓಡುವಾಗ ಆನೆ ಲದ್ದಿ ತುಳಿದರು, ಜಾರಿದರು, ಗುಡ್ಡದ ನೆತ್ತಿಯಿಂದ ಕೆರೆಯ ತನಕ ಕೂತ ಭಂಗಿಯಲ್ಲೇ ಬಂದರು, ದಾರಿಯಲ್ಲಿ ಎರಡು ಕಡವೆಗಳು ಪಕ್ಕಕ್ಕೆ ಸರಿದು ಜಾಗ ಬಿಟ್ಟವು ಎಂದೆ. ಜಗಲಿ ಹಾರಿಹೋಗುವ ಹಾಗೆ ನಕ್ಕರು. ಬೈಕಿನವನು ನೆಲಕ್ಕೆ ಬಿದ್ದು ಹೊರಳಾಡಿದ.

"ಬುಡ್ಲಾ ಮೊಗ, ನನ್ ಪಂಚೆ ಅರ್ದೋಯ್ತು" ಎಂದು ದೊಡ್ಡಯ್ಯನೂ ನಕ್ಕರು.

ಆ ನಗು ನನಗೆ ಏರಿತು. ಬೈಕಿನವನು ಬಿದ್ದರೆ ಯಾರೂ ಅಷ್ಟು ನಗುತ್ತಿರಲಿಲ್ಲ. ಗಂಭೀರ ಮುಖದ ದೊಡ್ಡವರು ಬೀಳಬೇಕು, ಆಗಲೇ ಸ್ವಾರಸ್ಯ. ಮುಂದಿನ ಸಲ ಅವರಿಗೆ ಹದಿನಾಲ್ಕು ಬಿತ್ತು, ನಾನು ನಾಲ್ಕು ಎಂದೆ. ಅದರ ಮುಂದಿನದು ಒಂಬತ್ತು, ನಾನು ಎರಡು ಎಂದೆ. ನೋಟ್ ಪುಸ್ತಕದಲ್ಲೂ ಹಾಗೇ ಬರೆದೆ, ಅಕ್ಷರ ಮಾತ್ರ ಮುತ್ತಿನಂತೆ.

ಮೂರನೇ ದಿನ ನೀಲಿ ಆಟ. ಮೇಡಂ ಅವತ್ತು ಊರಲ್ಲಿರಲಿಲ್ಲ. ಬೀಜಗಳನ್ನು ಆಟಗಾರರೇ ನೆಲದ ಮೇಲೆ ಎಸೆಯಬೇಕು, ಮುಚ್ಚುಮರೆಯಿಲ್ಲ. ದೊಡ್ಡಯ್ಯ ಆರು ಬೀಜವನ್ನು ಅಂಗೈಯಲ್ಲಿ ಕುಲುಕಿ ಎಸೆದರು, ಮೂರು ಬಿಳಿ. ಮತ್ತೆ ನಾಲ್ಕು. ಮತ್ತೊಮ್ಮೆ ಒಂದೇ ಒಂದು. ಬೆಂಕಿ ನಿಂತಿತು, ಆದರೆ ನೀರಿನ ಕ್ಯಾನು ಸೋರಿಹೋಯಿತು ಎಂದೆ. ಆಗ ಆಟ ನಿಲ್ಲಿಸಿ ಎಂಟೂ ಜನ ಮಾತಿಗೆ ಕೂತರು. ನೀರಿಲ್ಲದಿದ್ದರೆ ಯಾವ ಸೊಪ್ಪಿನಲ್ಲಿ ಬಡಿಯಬೇಕು? ಬೆಂಕಿ ರೇಖೆ, ಅಂದರೆ ಬೆಂಕಿ ದಾಟದಂತೆ ಮೊದಲೇ ಸುಟ್ಟಿಡುವ ಪಟ್ಟಿ, ಎಷ್ಟು ಅಗಲ ಇರಬೇಕು? ದೊಡ್ಡಯ್ಯ ಹೇಳಿದರು, ಉಳಿದವರು ಕೇಳಿದರು. ಒಂದು ಗಂಟೆ ನನ್ನ ಕಡೆ ಒಬ್ಬನೂ ತಿರುಗಲಿಲ್ಲ.

ಆ ಸಂಜೆ ಮೇಡಂಗೆ ಕೊಡುವ ವರದಿಯಲ್ಲಿ ಬರೆದೆ: ನೀಲಿ ಪದ್ಧತಿ ನಿಧಾನ. ಆಟಗಾರರಿಗೆ ಆಸಕ್ತಿ ಇಲ್ಲ. ಕೆಂಪು ಉತ್ತಮ.

ನಾಲ್ಕನೇ ದಿನ ಮೇಡಂ ಬಂದು ಕೂತರು. ಕೆಂಪು ಆಟದ ದೊಡ್ಡ ಸುತ್ತು. ನಾನು ಪರಿಸ್ಥಿತಿ ಹೇಳಿದೆ. ಹೊತ್ತು ನೆತ್ತಿಗೆ ಬಂದಿದೆ, ಬೆಂಕಿ ತಗ್ಗಿನಿಂದ ಹೊಲದ ಕಡೆ ಬರುತ್ತಿದೆ, ಅದಕ್ಕೆ ತಿನ್ನಲು ಹುಲ್ಲು ಉಳಿಯದಂತೆ ಈಚೆಯಿಂದ ಎದುರು ಬೆಂಕಿ ಹಚ್ಚುತ್ತೀರಾ?

"ಅಚ್ಬುಡನ" ಎಂದ ಬೈಕಿನವನು.

"ಬ್ಯಾಡ. ಕಾಯನ" ಎಂದರು ದೊಡ್ಡಯ್ಯ. "ಒತ್ತು ಇಳೀತಿದ್ದಂಗೆ ಬೆಟ್ಟದ ಕಡಿಂದ ಗಾಳಿ ತಿರುಗ್ತದೆ. ಆಗ ಅಚ್ಚನ. ಈಗ ಅಚ್ಚಿದ್ರೆ ನಮ್ ಬೆಂಕಿನೇ ನಮ್ಮುನ್ನ ತಿಂತದೆ."

ಗಾಳಿ ತಿರುಗಿತೋ ಇಲ್ಲವೋ ಎಂದು ರಟ್ಟಿನ ಹಿಂದೆ ದಾಳ ಉರುಳಿಸಿದೆ. ಹದಿನೇಳು ಬಿತ್ತು. ಅದು ನನ್ನ ಮೊಣಕಾಲಿಗೆ ತಾಗಿ ನಿಂತಿತ್ತು, ಸ್ಪಷ್ಟವಾಗಿ ಕಾಣಿಸುತ್ತಿತ್ತು. ಉಳಿದ ಏಳು ಜನ ಆಗಲೇ ನಗಲು ಬಾಯಿ ತೆರೆದು ಕಾಯುತ್ತಿದ್ದರು. ಪಕ್ಕದಲ್ಲಿ ಮೇಡಂ.

"ಮೂರು!" ಎಂದೆ.

ಗಾಳಿ ತಿರುಗಲಿಲ್ಲ, ಹೊಲ ಹೋಯಿತು, ದೊಡ್ಡಯ್ಯನ ಪಂಚೆಯ ಚುಂಗಿಗೆ ಕಿಡಿ ಹತ್ತಿ ಅವರು ಕೆರೆಗೆ ಹಾರಿದರು, ಕೆರೆಯಲ್ಲಿ ನೀರಿರಲಿಲ್ಲ ಎಂದು ಮುಗಿಸಿದೆ. ಮೇಡಂ ಕೂಡ ನಕ್ಕರು. ಆಮೇಲೆ ತಮ್ಮ ಹಾಳೆಯಲ್ಲಿ ಏನೋ ಬರೆದುಕೊಂಡರು. ದೊಡ್ಡಯ್ಯ ಮಾತ್ರ ಆ ಸಲ ನಗಲಿಲ್ಲ.

"ತಿರುಗ್ನೇ ಇಲ್ವಾ?" ಎಂದು ಕೇಳಿದರು.

"ಇಲ್ಲ ದೊಡ್ಡಯ್ಯ. ದಾಳ ಯೋಳ್ತದೆ."

ಮಾರನೇ ದಿನ ಆಟವಲ್ಲ, ನಿಜವಾದ ಕೆಲಸ. ಕಾಡಿಗೂ ಹೊಲಕ್ಕೂ ನಡುವೆ ಹುಲ್ಲು ಕೊಯ್ದು ಒಣಗಿಸಿದ್ದ ಪಟ್ಟಿಗೆ ಬೆಂಕಿ ಕೊಟ್ಟು ರೇಖೆ ಮಾಡಬೇಕಿತ್ತು. ನಾನು ನೋಡಲು ಹೋಗಿದ್ದೆ. ಎಲ್ಲರೂ ಹಸಿ ಸೊಪ್ಪಿನ ಕೊಂಬೆ ಹಿಡಿದು ಸಾಲಾಗಿ ನಿಂತರು. ಹೊತ್ತು ಇಳಿಯತೊಡಗಿತ್ತು. ಗಾಳಿ ಸತ್ತುಹೋಗಿತ್ತು, ಒಂದೆಲೆಯೂ ಅಲ್ಲಾಡುತ್ತಿರಲಿಲ್ಲ.

"ಒಳ್ಳೇ ಟೈಮು, ಅಚ್ಚನಾ ದೊಡ್ಡಯ್ಯ?" ಎಂದ ಬೈಕಿನವನು.

ದೊಡ್ಡಯ್ಯ ಒಂದು ಹಿಡಿ ಒಣಮಣ್ಣು ಎತ್ತಿ ಬೆರಳ ಸಂದಿಯಿಂದ ಬಿಟ್ಟು ನೋಡಿದರು. ಬೆಟ್ಟದ ಕಡೆ ನೋಡಿದರು. ಬಾಯಿ ತೆರೆದರು. ಆಮೇಲೆ ನನ್ನ ಕಡೆ ನೋಡಿದರು. ಆ ನೋಟ ಒಂದೇ ಒಂದು ಗಳಿಗೆಯದು.

"ನಿಮ್ಗೆ ಎಂಗ್ ತೋರ್ತದೋ ಅಂಗ್ ಮಾಡಿ" ಎಂದರು.

ಹಚ್ಚಿದರು. ಪಟ್ಟಿ ಅರ್ಧ ಬೆಂದಿತ್ತು, ಬೆಟ್ಟದ ಕಡೆಯಿಂದ ಗಾಳಿ ತಿರುಗಿತು. ಯಾರೋ ಬಾಗಿಲು ತೆಗೆದ ಹಾಗೆ. ಬೆಂಕಿ ಪಟ್ಟಿಯನ್ನು ಒಂದೇ ನೆಗೆತಕ್ಕೆ ದಾಟಿ ಹೊಲದ ಬದುವಿಗೆ ಬಂತು. ಅಲ್ಲಿ ಒಬ್ಬ ಅಜ್ಜಿ ಹುರುಳಿ ಕಿತ್ತು ಮೆದೆ ಒಟ್ಟಿದ್ದರು, ಬಡಿಯುವುದಷ್ಟೇ ಬಾಕಿ. ಎಂಟು ಜನವೂ ಸೊಪ್ಪಿನಲ್ಲಿ ಬಡಿದರು, ನಾನೂ ಅಂಗಿ ಬಿಚ್ಚಿ ಬಡಿದೆ. ಅರ್ಧ ಗಂಟೆಯಲ್ಲಿ ಬೆಂಕಿ ನಿಂತಿತು. ಮೆದೆ ಉಳಿಯಲಿಲ್ಲ. ದೊಡ್ಡಯ್ಯನ ಮುಂಗೈಯಿಂದ ಮೊಣಕೈವರೆಗೆ ಚರ್ಮ ಕೆಂಪಗೆ ಎದ್ದಿತ್ತು.

ಅಜ್ಜಿ ಓಡಿ ಬಂದವರು ಬೇರೆ ಯಾರನ್ನೂ ನೋಡಲಿಲ್ಲ, ಸೀದಾ ದೊಡ್ಡಯ್ಯನ ಮುಂದೆ ನಿಂತರು. "ನೀ ಇದ್ದೀಯ ಅಂತ್ಲೇ ಕನಾ ನಾನು ಮೆದೆ ಇಲ್ಲಿ ಒಟ್ಟಿದ್ದು! ನಿನ್ ಕಣ್ಣೇನಾಗಿತ್ತು?"

ದೊಡ್ಡಯ್ಯ ತಲೆ ಬಗ್ಗಿಸಿ ನಿಂತರು. ನಾನು ಬೈಕಿನವನ ಬೆನ್ನ ಹಿಂದೆ ಸರಿದೆ.

ಎರಡು ದಿನ ಕಳೆದು ಚಾಮರಾಜನಗರದಲ್ಲಿ ಸಭೆ. ಅದು ಆಗಷ್ಟೇ ಜಿಲ್ಲೆಯಾಗಿ, ಊರಿನ ತುಂಬ ಹೊಸ ಬೋರ್ಡು, ಹೊಸ ಜೀಪು. ಅಧಿಕಾರಿಗಳ ಮುಂದೆ ನಾನು ಎರಡು ಪದ್ಧತಿಗಳ ಹೋಲಿಕೆ ಹೇಳಬೇಕು, ಮೇಡಂ ವೈರ್‌ಲೆಸ್‌ಗೆ ಹೆಸರು ಕೊಡಬೇಕು. ಅವರು ಬೈಕಿನವನ ಹೆಸರು ಬರೆದಾಗಿತ್ತು. ದೊಡ್ಡಯ್ಯ, ಬೈಕಿನವನು, ನಾನು ಬಸ್ಸಿನಲ್ಲಿ ಹೊರಟೆವು. ತೆರಕಣಾಂಬಿಯಲ್ಲಿ ಬಸ್ಸು ನಿಂತಾಗ ಬೈಕಿನವನು ಕಡ್ಲೇಕಾಯಿ ತರಲು ಇಳಿದ. ದೊಡ್ಡಯ್ಯ ಕಿಟಕಿ ಪಕ್ಕ, ಕೈಗೆ ಬಿಳಿ ಬಟ್ಟೆ ಸುತ್ತಿಕೊಂಡು ಕೂತಿದ್ದರು.

"ದೊಡ್ಡಯ್ಯ, ಅವತ್ತು ಯಾಕೆ ಕಾಯನ ಅನ್ಲಿಲ್ಲ?"

"ನಿನ್ ಆಟ್ದಲ್ಲಿ ಗಾಳಿ ತಿರುಗ್ಲಿಲ್ವಲ್ಲ ಮೊಗ" ಎಂದರು, ಸಹಜವಾಗಿ. "ಬುಕ್ಕು ಬರ್ದೋರು ತಿಳ್ದೋರು. ನಾನು ಬರೀ ಕಂಡಿರದು. ಇಷ್ಟ್ ದಿನ ಏನೋ ಅದೃಷ್ಟಕ್ಕೆ ಸರೀ ಓಯ್ತಿತ್ತೇನೋ ಅಂದ್ಕಂಡೆ."

ನಾನು ಹೇಳಿಬಿಟ್ಟೆ. ಹದಿನೇಳು ಬಿದ್ದಿತ್ತು, ಮೂರು ಎಂದೆ. ಅದೊಂದೇ ಅಲ್ಲ, ಹೆಚ್ಚಿನವೂ ಹಾಗೇ. ನಗಲಿ ಅಂತ.

ಬೈಕಿನವನು ಕಡ್ಲೇಕಾಯಿ ಹಿಡಿದು ಹತ್ತಿ ಬಾಗಿಲ ಬಳಿಯೇ ನಿಂತ. ಬಸ್ಸು ಹೊರಟಿತು.

"ನೀ ಸುಳ್ಳು ಯೋಳ್ದೆ, ಅದು ನಿಂದು" ಎಂದರು ದೊಡ್ಡಯ್ಯ. "ನಾ ನಂಬುದ್ನಲ್ಲ, ಬೆಟ್ಟ ಎದ್ರಿಗಿದ್ರೂವೆ. ಅದುಕ್ಕೆ ನಂಗೆ ನಾಚ್ಕೆ. ಅಲ್ಲಿ ಎಲ್ರ ಮುಂದೂ ಯೋಳು, ನೋಡನ. ನಂಗೊಬ್ನಿಗೆ ಯೋಳ್ಬುಟ್ರೆ ನಿನ್ ಹೊಟ್ಟೆ ಹಗುರಾಯ್ತದೆ ಅಷ್ಟೆ."

ಸಭೆಯಲ್ಲಿ ಎದ್ದು ನಿಂತೆ. ಕೆಂಪು ಪದ್ಧತಿಯ ವಿವರ ಹೇಳಿ, "ಈ ನೋಟ್ ಪುಸ್ತಕದಲ್ಲಿರುವ ದೊಡ್ಡಯ್ಯನ ಅಂಕಗಳಲ್ಲಿ ಹೆಚ್ಚಿನವು ಸುಳ್ಳು, ನಾನೇ ಬದಲಿಸಿದ್ದು" ಎಂದೆ. ಇಡೀ ಸಭೆ ನಕ್ಕಿತು. ಎರಡು ನಿಮಿಷ ಮೊದಲಷ್ಟೇ ಆನೆ ಲದ್ದಿಯ ಕಥೆ ಹೇಳಿ ನಗಿಸಿದ್ದೆ, ಅಭ್ಯಾಸ ಬಿಡಬೇಕಲ್ಲ.

"ಚೆನ್ನಾಗ್ ಮಾತಾಡ್ತಾನಲ್ರೀ ಹುಡುಗ" ಎಂದರು ಹಿರಿಯ ಅಧಿಕಾರಿ.

"ತಮಾಷೆಯಲ್ಲ ಸಾರ್" ಎಂದೆ. ಮತ್ತೂ ನಕ್ಕರು. ನಿಜ ಹೇಳಲು ನಿಂತು, ನನ್ನನ್ನು ಯಾರೂ ನಂಬದ ಹಾಗೆ ಮಾಡಿಕೊಂಡವನು ನಾನೇ.

ಆಗ ಉಳಿದದ್ದು ಲೆಕ್ಕವೊಂದೇ. ನೋಟ್ ಪುಸ್ತಕವನ್ನು ಅಧಿಕಾರಿಯ ಮುಂದೆ ಇಟ್ಟೆ. "ದೊಡ್ಡಯ್ಯನಿಗೆ ಹದಿನಾಲ್ಕು ಸಲ ಉರುಳಿಸಿದ್ದೇನೆ ಸಾರ್. ಹನ್ನೊಂದು ಸಲ ನಾಲ್ಕು ಅಥವಾ ಅದಕ್ಕಿಂತ ಕಡಿಮೆ. ಇಪ್ಪತ್ತು ಮುಖದಲ್ಲಿ ನಾಲ್ಕು ಮುಖ ಎಂದರೆ ಐದಕ್ಕೆ ಒಂದು. ಹದಿನಾಲ್ಕರಲ್ಲಿ ಮೂರು ಬರಬೇಕು. ನೀವೇ ಹಾಕಿ ನೋಡಿ." ದಾಳ ಅವರ ಕೈಗೆ ಕೊಟ್ಟೆ.

ಅವರು ತಮಾಷೆಗೆಂದೇ ಶುರು ಮಾಡಿದರು. ಹದಿನಾಲ್ಕು ಸಲ ಉರುಳಿಸಿದರು, ನಾಲ್ಕರೊಳಗೆ ಬಿದ್ದದ್ದು ಎರಡು ಸಲ. ಪಕ್ಕದವರು ಹದಿನಾಲ್ಕು ಸಲ, ನಾಲ್ಕು. ಇನ್ನೊಬ್ಬರು, ಮೂರು. ಅಷ್ಟು ಹೊತ್ತಿಗೆ ನಗು ನಿಂತಿತ್ತು. ಮೇಡಂ ಪುಸ್ತಕ ಎಳೆದುಕೊಂಡು ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು ಓದತೊಡಗಿದರು. ನಾನು ನೀಲಿ ಪದ್ಧತಿಯ ಬಗ್ಗೆ ಬರೆದದ್ದೂ ಸುಳ್ಳು ಎಂದೆ. ಆ ದಿನ ಎಂಟು ಜನ ಒಂದು ಗಂಟೆ ಏನೇನು ಮಾತಾಡಿದರು ಎಂದು ನೆನಪಿದ್ದಷ್ಟೂ ಹೇಳಿದೆ. ಹುರುಳಿ ಮೆದೆಯ ವಿಷಯವನ್ನೂ ಹೇಳಿದೆ.

ಬೈಕಿನವನು ಎದ್ದ. "ಸಾ, ನಂಗೆ ಆ ಸೆಟ್ಟು ಬ್ಯಾಡ. ಅಚ್ಚನ ಅಂದೋನು ನಾನು. ಇವ್ರು ಬ್ಯಾಡ ಅನ್ನಕ್ಕೆ ಬಾಯ್ ತಗ್ದಿದ್ದು ನಾ ಕಂಡೆ. ಕಂಡೂ ಅಚ್ಬುಟ್ಟೆ."

ಬೈಕಿನವನ ಜಾಗಕ್ಕೆ ದೊಡ್ಡಯ್ಯನ ಹೆಸರು ಬಂತು. ಹೊರಗೆ ಬಂದ ಮೇಲೆ ಮೇಡಂ ಕೂಗಾಡಲಿಲ್ಲ. "ತಪ್ಪು ನಂದೂ ಇದೆ. ಒಂದು ಆಟ ನೋಡಿ ಮನುಷ್ಯನ್ನ ಅಳೆಯೋಕ್ಕೆ ಹೋದೆ. ಆದ್ರೆ ನೀನು ನಾಳೆಯಿಂದ ಬರೋದು ಬೇಡ" ಎಂದರು. ಕೆಂಪು, ನೀಲಿ ಎರಡೂ ಪುಸ್ತಕ ವಾಪಸು ತೆಗೆದುಕೊಂಡರು. ಅಜ್ಜಿಯ ಹೊಲದಲ್ಲಿ ಉಳಿದಿದ್ದ ಅವರೆ ಬಿಡಿಸಲು ನಾನು ನಾಲ್ಕು ದಿನ ಹೋದೆ. ಅಜ್ಜಿ ಬೇಡ ಅನ್ನಲಿಲ್ಲ, ನೀರೂ ಕೊಡಲಿಲ್ಲ.

ಮಾರ್ಚಿನಲ್ಲಿ ಒಂದು ದಿನ ಬೈಕಿನವನು ಹೋಟೆಲಿಗೆ ಬಂದು, ಕಾವಲು ಕ್ಯಾಂಪಿಗೆ ಊಟದ ಪೊಟ್ಟಣ ಒಯ್ಯಲು ನನ್ನನ್ನೂ ಹಿಂದೆ ಕೂರಿಸಿಕೊಂಡ. ಕ್ಯಾಂಪಿನಲ್ಲಿ ದೊಡ್ಡ ಸೆಟ್ಟು ಮೇಜಿನ ಮೇಲಿತ್ತು. ನಾವು ಹೋದಾಗಲೇ ದೂರದ ಗುಡ್ಡದಲ್ಲಿ ಹೊಗೆ ಎದ್ದಿತ್ತು. ಸೆಟ್ಟು ಗರಗರ ಅಂದಿತು, ಆ ಗುಡ್ಡದ ಹತ್ತಿರವಿದ್ದ ದೊಡ್ಡಯ್ಯನ ದನಿ ಬಂತು.

"ಗಾಳಿ ತಿರುಗ್ತದೆ. ಇನ್ನೊಂದ್ ಗಳ್ಗೆ ಕಾದು ಎದುರು ಬೆಂಕಿ ಕೊಡನ."

ಬೈಕಿನವನು ಸರಿ ಎಂದು ಹೇಳಲು ಗುಂಡಿ ಒತ್ತುವವನಿದ್ದ. ಅಷ್ಟರಲ್ಲಿ ಅದೇ ದನಿ ಮತ್ತೆ ಬಂತು, ಸ್ವಲ್ಪ ಸಣ್ಣಗೆ.

"ನೀವೂ ಒಂದ್ ದಪ ಈಚ್ಗೆ ಬಂದು ಬೆಟ್ಟದ ಕಡೆ ನೋಡ್ರಲಾ. ನಂಗೆ ಅಂಗೆ ಅನ್ನುಸ್ತದೆ. ನಿಮ್ಗೂ ಅಂಗೇ ಕಾಣ್ತದಾ?"

"ಇದೊಂದು ಹೊಸ್ದು" ಎಂದ ಬೈಕಿನವನು, ಹೊರಗೆ ಹೋಗುತ್ತಾ. "ದಿನಾ ಇಂಗೇ ಕೇಳ್ತರೆ. ಮುಂಚೆ ಇವ್ರು ಯಾರ್ನೂ ಒಂದ್ ಮಾತು ಕೇಳ್ದೋರಲ್ಲ."

ನಾನು ಮೇಜಿನ ಪಕ್ಕದಲ್ಲೇ ನಿಂತಿದ್ದೆ. ಸ್ವಲ್ಪ ಹೊತ್ತಿನಲ್ಲಿ ಗಾಳಿ ತಿರುಗಿತು.